ಪೆರುವಿಗೆ ಹೋಗಿದ್ದವೇ ಸೊಲೊಮೋನನ ಹಡಗುಗಳು? ಹೋಲುವ ಎರಡು ಹೆಸರುಗಳಿಂದ ಹುಟ್ಟಿದ ಒಂದು ವಾದದ ಕಥೆ

ಇವತ್ತಿನ ಬೆಲ್ಜಿಯಂನ ಆಂಟ್ವರ್ಪ್ ಊರಿನಲ್ಲಿ 1568ರಿಂದ 1572ರವರೆಗೆ ಒಂದು ದೊಡ್ಡ ಬೈಬಲ್ ಅಚ್ಚಾಯಿತು. ಹೀಬ್ರೂ, ಗ್ರೀಕ್, ಲ್ಯಾಟಿನ್, ಅರಾಮಿಕ್, ಸಿರಿಯಾಕ್ ಪಠ್ಯಗಳನ್ನೆಲ್ಲ ಜೋಡಿಸಿದ ಎಂಟು ಸಂಪುಟಗಳ ಗ್ರಂಥ ಅದು. ಅಚ್ಚು ಹಾಕಿದವನು ಕ್ರಿಸ್ಟೋಫ್ ಪ್ಲಾಂಟಿನ್. ಬೆನ್ನಿಗೆ ನಿಂತವನು ಸ್ಪೇನಿನ ದೊರೆ ಎರಡನೇ ಫಿಲಿಪ್. ಪಠ್ಯ ಸಿದ್ಧಪಡಿಸುವ ಹೊಣೆ ಬೆನಿಟೊ ಆರಿಯಾಸ್ ಮೊಂಟಾನೊ ಎಂಬ ಸ್ಪೇನಿನ ಪಂಡಿತನದು. ಹೀಬ್ರೂ ಬಲ್ಲವರಲ್ಲಿ ಅವನ ಕಾಲಕ್ಕೆ ದೊಡ್ಡ ಹೆಸರು.

ಆ ಗ್ರಂಥದ ಜೊತೆಗೆ ಒಂದು ಭೂಪಟ ಇದೆ. ಭೂಮಿ ಎರಡು ಗೋಲಗಳಾಗಿ ಅಕ್ಕಪಕ್ಕ ಕೂತಿದೆ. ಬೈಬಲ್‌ನ ಮಹಾಪ್ರಳಯದಲ್ಲಿ ಬದುಕುಳಿದ ನೋಹನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಯಾವ ಯಾವ ನಾಡಿಗೆ ಹೋಗಿ ನೆಲೆಸಿದರು ಅಂತ ಅದರಲ್ಲಿ ಗುರುತು ಹಾಕಿದ್ದಾರೆ. ಒಂದು ಗೋಲದಲ್ಲಿ ಅಮೆರಿಕ. ಅದರ ಪಶ್ಚಿಮ ಅಂಚಿನಲ್ಲಿ ಓಫೀರ್. ಇಸ್ರೇಲಿನ ಸೊಲೊಮೋನ ಅರಸನಿಗೆ ಹಡಗುಗಟ್ಟಲೆ ಬಂಗಾರ ಬಂದ ನಾಡು ಅಂತ ಬೈಬಲ್ ಹೇಳುವ ಆ ಓಫೀರ್!

ಹೋದ ವರ್ಷ ನಮ್ಮ ಅಕ್ಕನ ಮಗ ಒಂದು ವಿಡಿಯೋ ನೋಡಿ ಕೇಳಿದ: "ಮಾವ, ಸೊಲೊಮೋನನ ಚಿನ್ನ ಪೆರುವಿಂದ ಬಂತಂತೆ, ಹೌದಾ?" ಸುಮ್ನೆ ಇಲ್ಲ ಅಂದು ಮುಗಿಸಬಹುದಿತ್ತು. ಆದರೆ ಹಾಗೆ ಹೇಳಿದರೆ ಅವನು ಇನ್ನೊಂದು ವಿಡಿಯೋ ನೋಡುತ್ತಾನೆ ಅಷ್ಟೇ. ಅವನ ಪ್ರಶ್ನೆಗೆ ಸುಮಾರು ಐನೂರು ವರ್ಷದ ಚರಿತ್ರೆ ಇದೆ. ಒಳ್ಳೆಯ ಬುದ್ಧಿವಂತರೇ ಅದನ್ನು ನಂಬಿದ್ದರು, ಅಷ್ಟೇ ಬುದ್ಧಿವಂತರು ಅದನ್ನು ಬಿಚ್ಚಿ ನೋಡಿದ್ದರು. ಅದಕ್ಕೇ ಇಡೀ ಪ್ರಕರಣವನ್ನು ಬುಡದಿಂದ ಬರೆಯುತ್ತಿದ್ದೇನೆ.

ಬೈಬಲ್‌ನಲ್ಲಿ ಇರುವುದೆಷ್ಟು

ಅರಸುಗಳು ಮೊದಲನೆಯ ಪುಸ್ತಕದ 9ನೇ ಅಧ್ಯಾಯದ ಕೊನೆಗೆ ಹೋಗಿ. ಸೊಲೊಮೋನ ಕೆಂಪು ಸಮುದ್ರದ ದಡದ ಎಚ್ಯೋನ್ ಗೆಬೆರಿನಲ್ಲಿ ಹಡಗು ಕಟ್ಟಿಸಿದ. ಇವತ್ತಿನ ಲೆಬನಾನಿನಲ್ಲಿರುವ ತೂರಿನ ಅರಸ ಹೀರಾಮ ಸಮುದ್ರ ಬಲ್ಲ ತನ್ನ ಆಳುಗಳನ್ನು ಕಳಿಸಿದ. ಅವರು ಓಫೀರಿಗೆ ಹೋಗಿ 420 ತಲಾಂತು ಬಂಗಾರ ತಂದರು. ಪೂರ್ವಕಾಲವೃತ್ತಾಂತದ ಎರಡನೇ ಪುಸ್ತಕದಲ್ಲಿ ಇದೇ ಲೆಕ್ಕ 450 ಆಗಿದೆ. ಒಂದು ತಲಾಂತು ಅಂದರೆ ಸುಮಾರು 34 ಕಿಲೋ. ಹಾಗಾದರೆ 420 ತಲಾಂತು ಹದಿನಾಲ್ಕು ಟನ್ನಿಗೂ ಜಾಸ್ತಿ.

10ನೇ ಅಧ್ಯಾಯದಲ್ಲಿ ಇನ್ನಷ್ಟು ಸರಕಿನ ಪಟ್ಟಿ ಇದೆ. ಓಫೀರಿನಿಂದ ಅಲ್ಮುಗ್ ಅನ್ನುವ ಮರ, ರತ್ನಗಳು. ಆಮೇಲೆ ಮೂರು ವರ್ಷಕ್ಕೊಮ್ಮೆ ಬರುವ ತಾರ್ಷೀಷಿನ ಹಡಗುಗಳು. ತಾರ್ಷೀಷ್ ಅಂದರೆ ಬೈಬಲ್‌ನಲ್ಲಿ ಬರುವ ಇನ್ನೊಂದು ದೂರದ ನಾಡು. ಅವುಗಳಲ್ಲಿ ಬಂಗಾರ, ಬೆಳ್ಳಿ, ದಂತ, ಕೋತಿ, ನವಿಲು. ಇದಲ್ಲದೆ ದೇವಾಲಯಕ್ಕೆ ಹೊದಿಸಿದ ಚಿನ್ನ ಪರ್ವಯಿಮಿನದು ಅಂತ ಪೂರ್ವಕಾಲವೃತ್ತಾಂತದಲ್ಲಿ ಒಂದೇ ಒಂದು ಮಾತು ಬರುತ್ತದೆ. ಈ ಪರ್ವಯಿಮ್ ಹೆಸರನ್ನು ನೆನಪಿಟ್ಟುಕೊಳ್ಳಿ.

ಓಫೀರ್ ಎಲ್ಲಿದೆ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಒಂದೇ ಒಂದು ಸುಳಿವು ಆದಿಕಾಂಡದ 10ನೇ ಅಧ್ಯಾಯದಲ್ಲಿದೆ. ಅಲ್ಲಿ ಓಫೀರ್ ಒಬ್ಬ ಮನುಷ್ಯನ ಹೆಸರು, ಯೊಕ್ತಾನನ ಮಗ. ಅವನ ಹೆಸರಿನ ಹಿಂದೆ ಶೆಬ, ಮುಂದೆ ಹವೀಲ. ಶೆಬ ಅಂದರೆ ದಕ್ಷಿಣ ಅರೇಬಿಯಾದ ನಾಡು. ಅಂದರೆ ಈ ಪಟ್ಟಿ ಬರೆದವರ ಕಣ್ಣಲ್ಲಿ ಓಫೀರ್ ಕೆಂಪು ಸಮುದ್ರದ ಕಡೆಯ ಜಾಗ.

ಇನ್ನೊಂದು ಸಣ್ಣ ವಸ್ತು ಇದೆ, ನನಗೆ ತುಂಬ ಇಷ್ಟವಾದದ್ದು. ಇವತ್ತಿನ ಟೆಲ್ ಅವೀವ್ ನಗರದೊಳಗೇ ಟೆಲ್ ಕಸೀಲೆ ಅಂತ ಒಂದು ಹಳೇ ದಿಬ್ಬ ಇದೆ. 1946ರಲ್ಲಿ ಅಲ್ಲಿ ಒಂದು ಮಡಕೆ ಚೂರು ಸಿಕ್ಕಿತು. ಕ್ರಿಸ್ತಪೂರ್ವ ಎಂಟನೇ ಶತಮಾನದ್ದು. ಮೇಲೆ ಹಳೇ ಹೀಬ್ರೂ ಲಿಪಿಯಲ್ಲಿ ಚುಟುಕಾಗಿ ಬರೆದಿದೆ: ಓಫೀರಿನ ಬಂಗಾರ, ಬೇತ್ ಹೋರೋನಿಗೆ, 30 ಶೆಕೆಲ್. ಒಂದು ಶೆಕೆಲಿಗೆ ಹನ್ನೊಂದು ಗ್ರಾಂ ಚಿಲ್ಲರೆ. ಒಟ್ಟು ಮುನ್ನೂರ ನಲವತ್ತು ಗ್ರಾಂ ಆಸುಪಾಸು. ಅಂಗಡಿಯ ಚೀಟಿ ಇದ್ದ ಹಾಗಿದೆ, ಅಲ್ವಾ? ಓಫೀರಿನ ಬಂಗಾರ ಅನ್ನುವುದು ಬರೀ ಕಥೆಯ ಮಾತಲ್ಲ, ಸರಕಿನ ಲೆಕ್ಕದಲ್ಲಿ ಬರುತ್ತಿದ್ದ ಮಾತು ಅನ್ನುವುದಕ್ಕೆ ಈ ಚೂರು ಸಾಕ್ಷಿ. ಜಾಗ ಎಲ್ಲಿ ಅಂತ ಮಾತ್ರ ಇದೂ ಹೇಳುವುದಿಲ್ಲ. ಬರೆದವನಿಗೂ ಓದಿದವನಿಗೂ ಗೊತ್ತಿದ್ದದ್ದನ್ನು ಯಾರು ಬರೆದಿಡುತ್ತಾರೆ?

ಈ ಖಾಲಿ ಜಾಗಕ್ಕೇ ಮುಂದೆ ಅರೇಬಿಯಾ, ಆಫ್ರಿಕ, ಇಂಡಿಯಾ, ಮಲಯ, ಕೊನೆಗೆ ಅಮೆರಿಕ ಎಲ್ಲವೂ ಬಂದು ಕೂತವು.

ಕೊಲಂಬಸ್ ಅಂಟಿಸಿದ ಚೀಟಿ

ಓಫೀರನ್ನು ಅಮೆರಿಕಕ್ಕೆ ಮೊದಲು ತಂದವನು ಕ್ರಿಸ್ಟೋಫರ್ ಕೊಲಂಬಸ್. 1502ರಲ್ಲಿ ಪೋಪ್ ಆರನೇ ಅಲೆಕ್ಸಾಂಡರನಿಗೆ ಬರೆದ ಕಾಗದದಲ್ಲಿ ಅವನು ಎಸ್ಪಾನ್ಯೋಲ ದ್ವೀಪವನ್ನು ತಾರ್ಷೀಷ್, ಓಫೀರ್, ಸಿಪಾಂಗೊ ಅಂತೆಲ್ಲ ಕರೆದ. ಎಸ್ಪಾನ್ಯೋಲ ಅಂದರೆ ಇವತ್ತಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಇರುವ ದ್ವೀಪ. ಸಿಪಾಂಗೊ ಅಂದರೆ ಆ ಕಾಲದ ಯುರೋಪಿನವರ ಬಾಯಲ್ಲಿ ಜಪಾನ್. ಮರುವರ್ಷ ಜಮೈಕಾದಿಂದ ಬರೆದ ಕಾಗದದಲ್ಲಿ, ಇವತ್ತಿನ ಪನಾಮದ ವೆರಾಗ್ವಾ ಗಣಿಗಳೂ ಸೊಲೊಮೋನನಿಗೆ ಚಿನ್ನ ಕೊಟ್ಟ ಗಣಿಗಳೂ ಒಂದೇ ಅಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊಲಂಬಸ್ ಹೊಸ ಖಂಡದಲ್ಲಿ ಓಫೀರ್ ಹುಡುಕಲಿಲ್ಲ. ತಾನು ಬಂದಿರುವುದು ಏಷ್ಯಾದ ಪೂರ್ವದ ಅಂಚಿಗೆ ಅಂತ ಅವನು ನಂಬಿದ್ದ. ಓಫೀರ್ ಇಂಡಿಯಾದ ಕಡೆಯ ಚಿನ್ನದ ನಾಡು ಅಂತ ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದ. ಹಾಗಾಗಿ ಏಷ್ಯಾದಲ್ಲಿದ್ದೇನೆ ಅಂದುಕೊಂಡವನು ಏಷ್ಯಾದ ಓಫೀರನ್ನು ಕಂಡೆ ಅಂದ. ಅವನ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ತಪ್ಪಿದ್ದು ತಾನು ನಿಂತ ಜಾಗ ಯಾವುದು ಅನ್ನುವುದು.

ಕೆಲವೇ ವರ್ಷಗಳಲ್ಲಿ ಇದು ಏಷ್ಯಾ ಅಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ಓಫೀರ್ ಅನ್ನುವ ಚೀಟಿಯನ್ನು ಆಗಲೇ ಕಿತ್ತು ವಾಪಸ್ ಏಷ್ಯಾಕ್ಕೆ ಅಂಟಿಸಬೇಕಿತ್ತು. ಯಾರೂ ಕೀಳಲಿಲ್ಲ. ನೆಲ ಬದಲಾಯಿತು, ಚೀಟಿ ಅಲ್ಲೇ ಉಳಿಯಿತು. ಇಡೀ ಪ್ರಕರಣದ ಬೇರು ಇಲ್ಲಿದೆ ಅಂತ ನನಗನಿಸುತ್ತದೆ.

ಆಮೇಲೆ ಪೆರುವಿನ ಚಿನ್ನ ಬಂತು. 1532ರ ನವೆಂಬರಿನಲ್ಲಿ ಫ್ರಾನ್ಸಿಸ್ಕೊ ಪಿಸಾರೊ ಕಹಮಾರ್ಕಾದಲ್ಲಿ ಇಂಕಾ ದೊರೆ ಅತವಾಲ್ಪನನ್ನು ಸೆರೆಹಿಡಿದ. ಬಿಡುಗಡೆಗೆ ಅಂತ ಒಂದು ಕೋಣೆ ತುಂಬ ಚಿನ್ನ, ಎರಡು ಪಟ್ಟು ಬೆಳ್ಳಿ ತರಿಸಿಕೊಂಡರು. ಕರಗಿಸಿದಾಗ ಚಿನ್ನವೇ ಸುಮಾರು ಆರು ಟನ್ ಆಯಿತು. ಚಿನ್ನ ತೆಗೆದುಕೊಂಡ ಮೇಲೆ 1533ರ ಜುಲೈನಲ್ಲಿ ಅತವಾಲ್ಪನನ್ನು ಕೊಂದರು. ಆ ಸುದ್ದಿ ಸ್ಪೇನಿಗೆ ಮುಟ್ಟಿದಾಗ, ಹದಿನಾಲ್ಕು ಟನ್ ಚಿನ್ನ ಕೊಡಬಲ್ಲ ನಾಡು ಭೂಮಿ ಮೇಲೆ ಯಾವುದಿದ್ದೀತು ಅಂತ ಯೋಚಿಸುತ್ತಿದ್ದವರಿಗೆ ಉತ್ತರ ಸಿಕ್ಕಂತಾಯಿತು.

ಅಕ್ಷರಗಳನ್ನು ತಿರುವಿದ್ದು ಹೇಗೆ

ಮೊಂಟಾನೊ ಈ ಅನಿಸಿಕೆಗೆ ಹೀಬ್ರೂ ವ್ಯಾಕರಣದ ಬಲ ಕೊಟ್ಟ. ಆ ಕೈಚಳಕವನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಇವತ್ತಿನ ವಿಡಿಯೋಗಳಲ್ಲೂ ಇದೇ ನಡೆಯುತ್ತಿದೆ.

ಹೀಬ್ರೂ ಬರವಣಿಗೆಯಲ್ಲಿ ಮೊದಲಿಗೆ ಇದ್ದದ್ದು ಮುಖ್ಯವಾಗಿ ವ್ಯಂಜನಗಳು. ಸ್ವರದ ಗುರುತುಗಳನ್ನು ಪಂಡಿತರು ಸಾವಿರಕ್ಕೂ ಜಾಸ್ತಿ ವರ್ಷ ಕಳೆದ ಮೇಲೆ ಸೇರಿಸಿದರು. ಪರ್ವಯಿಮ್ ಅನ್ನುವ ಮಾತಿನಲ್ಲಿ ಇರುವ ಅಕ್ಷರ ಐದು: ಪೇ, ರೇಶ್, ವಾವ್, ಯೋದ್, ಮೇಮ್. ಇದರಲ್ಲಿ ವಾವ್ ಅಕ್ಷರವನ್ನು ವ ಅಂತಲೂ ಓದಬಹುದು, ಊ ಅಂತಲೂ ಓದಬಹುದು. ಇನ್ನು ಕೊನೆಯ ಯೋದ್, ಮೇಮ್ ಎರಡನ್ನು ಆಯಿಮ್ ಅಂತ ಓದಿದರೆ ಹೀಬ್ರೂವಿನಲ್ಲಿ ಅದು ಜೋಡಿಯನ್ನು ಹೇಳುವ ಪ್ರತ್ಯಯ. ಎರಡು ಕಣ್ಣು, ಎರಡು ಕೈ ಅನ್ನುವಾಗ ಬರುವಂಥದ್ದು. ಅದನ್ನು ಕಳಚಿ ಪಕ್ಕಕ್ಕಿಡಿ. ಉಳಿದದ್ದು ಪೇ, ರೇಶ್, ವಾವ್. ಪರೂ ಅನ್ನಿ, ಪೆರೂ ಅನ್ನಿ. ಹಾಗಾದರೆ ಪರ್ವಯಿಮ್ ಅಂದರೆ ಎರಡು ಪೆರು! ಒಂದು ದಕ್ಷಿಣದ ಪೆರು, ಇನ್ನೊಂದು ಮೆಕ್ಸಿಕೊ ಕಡೆಯ ನಾಡು.

ಓಫೀರನ್ನೂ ಹೀಗೆಯೇ ಒಗ್ಗಿಸಿದರು. ಫ ಮತ್ತು ರ ಇದ್ದಲ್ಲೇ ಇವೆ. ಮೊದಲಿಗಿರುವ ಓ ಸ್ವರವನ್ನು ಕೊನೆಗೆ ತಂದರೆ ಫಿರೋ. ಅದರಿಂದ ಪಿರೂ. ಆ ಕಾಲದ ಸ್ಪ್ಯಾನಿಷ್ ಬರಹಗಳಲ್ಲಿ ಪೆರುವನ್ನು ಪಿರೂ ಅಂತಲೂ ಬರೆಯುತ್ತಿದ್ದರು.

ನೋಡಲು ಎಷ್ಟು ಚೆನ್ನಾಗಿ ಕೂಡುತ್ತದೆ! ಮೊಂಟಾನೊ ಕಳ್ಳನಲ್ಲ, ನಂಬಿ ಬರೆದವನು. ಅವನನ್ನು ಕಾಡುತ್ತಿದ್ದ ಪ್ರಶ್ನೆಯೂ ಸಣ್ಣದಲ್ಲ. ಮನುಷ್ಯರೆಲ್ಲ ನೋಹನ ವಂಶ ಅಂತಾದರೆ ಅಮೆರಿಕದ ಜನ ಯಾರ ಮಕ್ಕಳು? ದೇವರ ಗ್ರಂಥದಲ್ಲಿ ಅರ್ಧ ಭೂಮಿಯ ಹೆಸರೇ ಇಲ್ಲ ಅಂದರೆ ಹೇಗೆ? ಓಫೀರ್ ಪೆರುವಾದರೆ ಎರಡಕ್ಕೂ ಉತ್ತರ ಸಿಗುತ್ತದೆ. ದೊರೆಗೂ ಇದು ಒಪ್ಪುವ ಉತ್ತರ. ಆಗ ಎರಡನೇ ಫಿಲಿಪ್ ಎಸ್ಕೊರಿಯಲ್ ಅರಮನೆ, ಮಠ, ಚರ್ಚು ಕಟ್ಟಿಸುತ್ತಿದ್ದ. ಆ ಚರ್ಚಿನ ಎದುರು ಇವತ್ತಿಗೂ ದಾವೀದ ಮತ್ತು ಸೊಲೊಮೋನರ ಕಲ್ಲಿನ ಮೂರ್ತಿಗಳು ನಿಂತಿವೆ. ಅದೇ ಎಸ್ಕೊರಿಯಲ್‌ನ ಪುಸ್ತಕಭಂಡಾರವನ್ನು ಆಮೇಲೆ ಮೊಂಟಾನೊ ನೋಡಿಕೊಂಡ. ಸೊಲೊಮೋನನ ದೇವಾಲಯಕ್ಕೆ ಹೋದ ಚಿನ್ನವೇ ಈಗ ತನ್ನ ಖಜಾನೆಗೆ ಬರುತ್ತಿದೆ ಅಂದರೆ ಯಾವ ದೊರೆಗೆ ಬೇಡ?

ಪೆರುವಿನಲ್ಲೇ ಇದ್ದ ಒಬ್ಬನ ಉತ್ತರ

1572ರಲ್ಲೇ ಹೊಸೆ ದೆ ಅಕೋಸ್ಟಾ ಅನ್ನುವ ಯೇಸುಸಭೆಯ ಪಾದ್ರಿ ಲಿಮಾದಲ್ಲಿ ಹಡಗಿಳಿದ. ಮುಂದೆ ಹದಿನಾಲ್ಕು ವರ್ಷ ಪೆರುವಿನಲ್ಲಿ ಇದ್ದ. ಬೆಟ್ಟ ಹತ್ತಿದ, ಗಣಿ ಕಂಡ, ಜನರೊಡನೆ ಮಾತಾಡಿದ. 1590ರಲ್ಲಿ ಸೆವಿಲ್‌ನಲ್ಲಿ ಅಚ್ಚಾದ ಅವನ ಇಂಡೀಸಿನ (ಸ್ಪೇನಿನವರು ಅಮೆರಿಕವನ್ನು ಕರೆಯುತ್ತಿದ್ದ ಹೆಸರು) ಚರಿತ್ರೆಯ ಮೊದಲ ಭಾಗದಲ್ಲೇ ಈ ಪ್ರಶ್ನೆಯನ್ನು ಎತ್ತಿಕೊಂಡ. ನಾನು ಓದಿದ ಹಳೇ ವಾದಗಳಲ್ಲಿ ಇಷ್ಟು ನೇರವಾದದ್ದು ಕಡಿಮೆ.

ಅವನ ಮೊದಲ ಮಾತು ಹೆಸರಿನ ಬಗ್ಗೆ. ಪೆರು ಅನ್ನುವುದು ಹಳೇ ಹೆಸರೇ ಅಲ್ಲ, ಇಡೀ ನಾಡಿನ ಹೆಸರೂ ಅಲ್ಲ. ಭೂಮಧ್ಯರೇಖೆ ಹತ್ತಿರದ ಒಂದು ನದಿಯ ಹೆಸರನ್ನು ಸ್ಪೇನಿನವರು ಕೇಳಿ ಇಡೀ ನಾಡಿಗೆ ಅಂಟಿಸಿದರು. ಅಲ್ಲಿನ ಜನ ತಮ್ಮ ನಾಡನ್ನು ಹಾಗೆ ಕರೆಯುವುದೇ ಇಲ್ಲ ಅಂದ.

ಇದು ನಿಜ. ಪನಾಮದ ದಕ್ಷಿಣಕ್ಕೆ ಬಿರೂ ಅನ್ನುವ ಸೀಮೆಗೆ ಪಾಸ್ಕುವಾಲ್ ದೆ ಅಂದಗೋಯಾ ಹೋದದ್ದು 1522ರಲ್ಲಿ. ಅಲ್ಲಿಂದ ಆಚೆಗಿನ ಗೊತ್ತಿಲ್ಲದ ನಾಡಿಗೆಲ್ಲ ಅದೇ ಹೆಸರು ಹರಡಿತು. ಇಂಕಾಗಳು ತಮ್ಮ ನಾಡನ್ನು ಕರೆದದ್ದು ತವಾಂತಿನ್‌ಸೂಯು ಅಂತ. ನಾಲ್ಕು ಭಾಗ ಕೂಡಿದ ನಾಡು ಅಂತ ಅದರ ಅರ್ಥ. ಇಂಕಾ ರಾಜವಂಶದ ತಾಯಿಗೂ ಸ್ಪೇನಿನ ಸೈನಿಕ ತಂದೆಗೂ 1539ರಲ್ಲಿ ಕುಸ್ಕೋದಲ್ಲಿ ಹುಟ್ಟಿದ ಇಂಕಾ ಗಾರ್ಸಿಲಾಸೊ ದೆ ಲಾ ವೇಗ ಇನ್ನೂ ಒಂದು ಕಥೆ ಬರೆದಿಟ್ಟಿದ್ದಾನೆ. ನದಿಯ ಬಾಯಲ್ಲಿ ಒಬ್ಬ ಮೀನು ಹಿಡಿಯುತ್ತಿದ್ದನಂತೆ. ಸ್ಪೇನಿನವರು ಅವನನ್ನು ಹಿಡಿದು ಇದು ಯಾವ ನಾಡು ಅಂತ ಕೇಳಿದರಂತೆ. ಬೆದರಿದ ಅವನು ಬೆರೂ ಅಂತ ತನ್ನ ಹೆಸರು ಹೇಳಿದ, ಪೆಲೂ ಅಂದ, ಅಂದರೆ ನದಿಯಲ್ಲಿದ್ದೆ ಅಂತ. ಅವರು ಅದನ್ನೇ ನಾಡಿನ ಹೆಸರು ಅಂದುಕೊಂಡರು. ಕಥೆ ಹೀಗೇ ನಡೆಯಿತೋ ಇಲ್ಲವೋ, ತಾಯಿಯ ನಾಡಿಗೆ ಹೊರಗಿನವರು ತಪ್ಪು ಕೇಳಿಸಿಕೊಂಡ ಹೆಸರು ಅಂಟಿತು ಅನ್ನುವ ನೋವು ಅದರಲ್ಲಿದೆ.

ಈಗ ಲೆಕ್ಕ ಹಾಕಿ. ಮೊಂಟಾನೊ ಬರೆದಾಗ ಪೆರು ಅನ್ನುವ ಹೆಸರಿಗೆ ವಯಸ್ಸು ಐವತ್ತು ವರ್ಷ. ಸೊಲೊಮೋನನ ಕಾಲ ಕ್ರಿಸ್ತಪೂರ್ವ ಹತ್ತನೇ ಶತಮಾನ. ಇಪ್ಪತ್ತೈದು ಶತಮಾನ ಕಳೆದ ಮೇಲೆ ಹುಟ್ಟಿದ ಹೆಸರು ಬೈಬಲ್ ಒಳಗೆ ಸೇರಿಕೊಳ್ಳುವುದು ಹೇಗೆ? ಪರ್ವಯಿಮಿನ ಅಕ್ಷರಗಳನ್ನು ಎಷ್ಟು ಚೆನ್ನಾಗಿ ಬಿಡಿಸಿದರೂ ಈ ಒಂದು ಪ್ರಶ್ನೆಗೆ ಉತ್ತರ ಇಲ್ಲ. ಅಕ್ಕನ ಮಗನಿಗೆ ನಾನು ಮೊದಲು ಹೇಳಿದ್ದೂ ಇದನ್ನೇ: ಎರಡು ಹೆಸರು ಒಂದೇ ಥರ ಕೇಳಿಸಿದರೆ, ಎರಡೂ ಹೆಸರಿನ ವಯಸ್ಸು ಕೇಳು.

ಅಕೋಸ್ಟಾನ ಇನ್ನೊಂದು ಮಾತು ಸರಕಿನ ಬಗ್ಗೆ. ಸೊಲೊಮೋನನಿಗೆ ದಂತ ಬಂತು. ಪೆರುವಿನಲ್ಲಿ ಆನೆಯ ಸುಳಿವೇ ಇಲ್ಲ. ಪೂರ್ವದ ಇಂಡಿಯಾದಲ್ಲಿ ಚಿನ್ನ, ರತ್ನ, ದಂತ ಎಲ್ಲವೂ ಇರುವಾಗ ಅದನ್ನು ದಾಟಿ ಭೂಮಿಯ ಕೊನೆಗೆ ಯಾಕೆ ಹೋಗಬೇಕು? ಜೊತೆಗೆ ಹಳಬರ ಹತ್ತಿರ ದಿಕ್ಸೂಚಿ ಇರಲಿಲ್ಲ, ಅದಿಲ್ಲದೆ ಆ ಮಹಾಸಾಗರವನ್ನು ಬೇಕೆಂದೇ ದಾಟುವುದು ಸಾಧ್ಯವಿಲ್ಲ ಅಂದ. ಈ ಕೊನೆಯ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಪೆಸಿಫಿಕ್ ದ್ವೀಪಗಳ ಜನ ದಿಕ್ಸೂಚಿ ಇಲ್ಲದೆ, ನಕ್ಷತ್ರ ಮತ್ತು ಅಲೆ ನೋಡಿಕೊಂಡೇ ಸಾವಿರಾರು ಮೈಲಿ ಹೋದವರು. ಆದರೆ ದಂತದ ಮಾತು ಗಟ್ಟಿ.

ಅದೇ ದಾರಿಯಲ್ಲಿ ಇನ್ನೂ ಮುಂದಕ್ಕೆ ಹೋಗಬಹುದು. ನವಿಲು ಅಮೆರಿಕದ ಹಕ್ಕಿ ಅಲ್ಲ. ಹಾಗೇ ಪೆರುವಿನಿಂದ ತಿರುಗಿ ಬಂದ ಹಡಗು ಏನು ತರಬೇಕಿತ್ತು ಅಂತ ಕೇಳಿ. ಮೆಕ್ಕೆಜೋಳ, ಆಲೂಗಡ್ಡೆ, ಮೆಣಸಿನಕಾಯಿ, ಲಾಮಾ ಉಣ್ಣೆ. ಸೊಲೊಮೋನನ ಕಾಲದ ಪದರಗಳನ್ನು ಇಸ್ರೇಲಿನಲ್ಲಿ ಎಷ್ಟೋ ಕಡೆ ಅಗೆದಿದ್ದಾರೆ. ಒಂದು ಮೆಕ್ಕೆಜೋಳದ ಕಾಳೂ ಸಿಕ್ಕಿಲ್ಲ. ಮೂರು ವರ್ಷಕ್ಕೊಮ್ಮೆ ಹೋಗಿ ಬರುವ ನಾವಿಕರು ದಾರಿಗೆ ಊಟ ಕಟ್ಟಿಕೊಳ್ಳದೆ ಬಂದರಾ?

ಇನ್ನು ಈ ಮೂರು ವರ್ಷ. ಅಷ್ಟು ಕಾಲ ಬೇಕೆಂದರೆ ನಾಡು ತುಂಬಾ ದೂರ ಇರಬೇಕು ಅನ್ನುತ್ತಾರೆ. ಮೊದಲಿಗೆ, ಆ ವಾಕ್ಯ ಹೇಳುವುದು ಹಡಗು ಎಷ್ಟು ವರ್ಷಕ್ಕೊಮ್ಮೆ ಬರುತ್ತಿತ್ತು ಅಂತ. ಹೋಗಿ ಬರಲು ಎಷ್ಟು ಕಾಲ ಹಿಡಿಯಿತು ಅಂತ ಅಲ್ಲ. ಎರಡನೆಯದು, ಹಳೇ ಕಾಲದ ನಾವಿಕರು ನಿಂತು ನಿಂತು ಹೋಗುತ್ತಿದ್ದರು. ಈಜಿಪ್ಟಿನ ದೊರೆ ನೆಕೋ ಕಳಿಸಿದ ಫಿನೀಷಿಯದ ನಾವಿಕರು ಕೆಂಪು ಸಮುದ್ರದಿಂದ ಹೊರಟು ಆಫ್ರಿಕ ಸುತ್ತಿ ಮೂರನೇ ವರ್ಷ ವಾಪಸ್ ಬಂದರು ಅಂತ ಹೆರೊಡೋಟಸ್ ಬರೆದಿದ್ದಾನೆ. ಪ್ರತಿ ವರ್ಷ ಶರತ್ಕಾಲಕ್ಕೆ ದಡಕ್ಕಿಳಿದು, ಬಿತ್ತಿ, ಬೆಳೆ ಕೊಯ್ದುಕೊಂಡು ಮುಂದೆ ಹೋದರಂತೆ. ಮಳೆಗಾಲದ ಗಾಳಿಗೆ ಕಾಯುತ್ತ ಸಾಗುವ ಸಮುದ್ರದಲ್ಲಿ ವರ್ಷಗಳು ಹೀಗೇ ಹೋಗುತ್ತವೆ.

ಯಾರೂ ಕಾಣದ ಕಲ್ಲು

ಅಕೋಸ್ಟಾನ ನಂತರವೂ ವಾದ ಸಾಯಲಿಲ್ಲ. ಫೆರ್ನಾಂಡೊ ದೆ ಮೊಂಟೆಸಿನೋಸ್ 1640ರ ದಶಕದಲ್ಲಿ ಪೆರುವಿನ ಚರಿತ್ರೆಗೆ ಸ್ಪೇನಿನ ಓಫೀರ್ ಅಂತಲೇ ಹೆಸರಿಟ್ಟು ಬರೆದ. ಆದರೆ ಈ ಕಡೆಯವರ ಹತ್ತಿರ ಒಂದೇ ಒಂದು ವಸ್ತು ಇರಲಿಲ್ಲ. ಕೈಯಲ್ಲಿ ಹಿಡಿದು ತೋರಿಸುವಂಥದ್ದು.

1872ರಲ್ಲಿ ಅದೂ ಬಂತು. ಬ್ರೆಜಿಲಿನ ರಿಯೊ ದೆ ಜನೈರೊದಲ್ಲಿರುವ ಇತಿಹಾಸ ಮತ್ತು ಭೂಗೋಳ ಸಂಸ್ಥೆಗೆ ಒಂದು ಕಾಗದ ಬಂತು. ಪರೈಬಾ ಹತ್ತಿರದ ತೋಟದಲ್ಲಿ ಆಳುಗಳಿಗೆ ಬರಹ ಇರುವ ಕಲ್ಲು ಸಿಕ್ಕಿದೆ, ಇಗೋ ಅದರ ನಕಲು ಅಂತ. ರಾಷ್ಟ್ರೀಯ ವಸ್ತುಸಂಗ್ರಹಾಲಯದ ಲಾಡಿಸ್ಲಾವ್ ನೆಟ್ಟೊ ಕೈಗೆ ಆ ನಕಲು ಬಂತು. ಅವನು ಸಸ್ಯಶಾಸ್ತ್ರ ಓದಿದವನು. ಇದಕ್ಕಾಗಿಯೇ ಹೀಬ್ರೂ ಕಲಿತ. ಬಿಡಿಸಿದಾಗ ಸಿಕ್ಕಿದ ಕಥೆ ಮೈ ನವಿರೇಳಿಸುವಂಥದ್ದು. ನಾವು ಸೀದೋನಿನ ಕಾನಾನ್ಯರು. ಹೀರಾಮ ಅರಸನ ಹತ್ತೊಂಬತ್ತನೇ ವರ್ಷದಲ್ಲಿ ಎಚ್ಯೋನ್ ಗೆಬೆರಿನಿಂದ ಹತ್ತು ಹಡಗುಗಳಲ್ಲಿ ಹೊರಟೆವು. ಎರಡು ವರ್ಷ ಆಫ್ರಿಕ ಸುತ್ತಿದೆವು. ಗಾಳಿಗೆ ಜೊತೆಯವರಿಂದ ಬೇರೆಯಾದೆವು. ಹನ್ನೆರಡು ಗಂಡಸರು, ಮೂವರು ಹೆಂಗಸರು ಈ ಹೊಸ ದಡಕ್ಕೆ ಬಂದೆವು.

ಎಚ್ಯೋನ್ ಗೆಬೆರ್, ಹೀರಾಮ, ಎರಡು ಚಿಲ್ಲರೆ ವರ್ಷದ ಪ್ರಯಾಣ. ಬೈಬಲ್ ಮತ್ತು ಹೆರೊಡೋಟಸ್ ಎರಡನ್ನೂ ಓದಿದವರಿಗೆ ಏನೇನು ಬೇಕೋ ಎಲ್ಲ ಇದೆ. ಅದೇ ಅನುಮಾನಕ್ಕೂ ಕಾರಣವಾಯಿತು. ಫ್ರಾನ್ಸಿನ ಪಂಡಿತ ಅರ್ನೆಸ್ಟ್ ರೆನಾನ್ ಇದು ನಕಲಿ ಅಂದ. ನೆಟ್ಟೊ ಕಲ್ಲನ್ನು ಹುಡುಕಿದ. ಕಲ್ಲು ಸಿಗಲಿಲ್ಲ. ತೋಟ ಸಿಗಲಿಲ್ಲ. ಕಾಗದ ಬರೆದವನೂ ಸಿಗಲಿಲ್ಲ. ಬ್ರೆಜಿಲಿನಲ್ಲಿ ಪರೈಬಾ ಅನ್ನುವ ಹೆಸರಿನ ಸೀಮೆ ಒಂದಕ್ಕಿಂತ ಜಾಸ್ತಿ ಬೇರೆ. 1885ರಲ್ಲಿ ನೆಟ್ಟೊ ತಾನು ಮೋಸ ಹೋದೆ ಅಂತ ರೆನಾನನಿಗೇ ಬಹಿರಂಗ ಪತ್ರ ಬರೆದು ಅಚ್ಚು ಹಾಕಿಸಿದ. ಹೆಸರು ಕೆಟ್ಟರೂ ಸರಿ ಅಂತ ತಪ್ಪನ್ನು ಒಪ್ಪಿಕೊಂಡ ಆ ಮನುಷ್ಯನ ಬಗ್ಗೆ ನನಗೆ ತುಂಬಾ ಗೌರವ.

1968ರಲ್ಲಿ ಅಮೆರಿಕದ ಸೈರಸ್ ಗಾರ್ಡನ್ ಈ ಬರಹ ಅಸಲಿಯೇ ಅಂತ ಮತ್ತೆ ಎತ್ತಿದರು. ಅವರೂ ದೊಡ್ಡ ವಿದ್ವಾಂಸರು. ಅದೇ ವರ್ಷ ಹಾರ್ವರ್ಡಿನ ಫ್ರಾಂಕ್ ಮೂರ್ ಕ್ರಾಸ್ ಉತ್ತರ ಕೊಟ್ಟರು. ಬೇರೆ ಬೇರೆ ಶತಮಾನಗಳ ಅಕ್ಷರರೂಪಗಳು ಒಂದೇ ಬರಹದಲ್ಲಿ ಕಲೆತಿವೆ, ಇದನ್ನು ಬರೆಯಲು ಬೇಕಾದದ್ದೆಲ್ಲ ಹತ್ತೊಂಬತ್ತನೇ ಶತಮಾನದ ಕೈಪಿಡಿಗಳಲ್ಲೇ ಸಿಗುತ್ತಿತ್ತು ಅಂದರು. ಕಲ್ಲು ಇವತ್ತಿಗೂ ಯಾರ ಕಣ್ಣಿಗೂ ಬಿದ್ದಿಲ್ಲ.

ಕೊಲಂಬಸ್‌ಗಿಂತ ಮೊದಲು ಸಮುದ್ರ ದಾಟಿ ಅಮೆರಿಕಕ್ಕೆ ಯಾರೂ ಬಂದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬಂದಿದ್ದಾರೆ. ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಲಾನ್ಸ್ ಒ ಮೆಡೋಸ್‌ನಲ್ಲಿ ಉತ್ತರ ಯುರೋಪಿನ ನಾರ್ಸ್ ಜನ ಸ್ವಲ್ಪ ಕಾಲ ಇದ್ದರು. ಅಲ್ಲಿ ಮನೆಗಳ ಬುನಾದಿ ಸಿಕ್ಕಿದೆ. ಕಬ್ಬಿಣ ಕರಗಿಸಿದ ಕಿಟ್ಟ ಸಿಕ್ಕಿದೆ. ಒಂದು ಕಂಚಿನ ಪಿನ್ನು ಸಿಕ್ಕಿದೆ. ಲೋಹದ ಅಲಗಿನಿಂದ ಕಡಿದ ಮರದ ತುಂಡುಗಳನ್ನು ಪರೀಕ್ಷಿಸಿ, ಅವನ್ನು ಕಡಿದದ್ದು 1021ರಲ್ಲಿ ಅಂತ ಇಸವಿ ಸಮೇತ 2021ರಲ್ಲಿ ಹೇಳಿದರು. ಬೆರಳೆಣಿಕೆ ಜನ, ಕೆಲವೇ ವರ್ಷ, ಆದರೂ ಇಷ್ಟು ಗುರುತು. ಟನ್‌ಗಟ್ಟಲೆ ಚಿನ್ನ ಅಗೆದು, ಹಡಗು ತುಂಬಿ, ಮತ್ತೆ ಮತ್ತೆ ಬಂದವರು ಒಂದು ಮಡಕೆ ಚೂರೂ ಬಿಡದೆ ಹೋದರು ಅಂತ ಹೇಗೆ ನಂಬುವುದು?

ಅದೇ ಅಳತೆ ನಮಗೂ

ಇಲ್ಲಿಗೆ ಬಂದಾಗ ಅಕ್ಕನ ಮಗ ಇನ್ನೊಂದು ಪ್ರಶ್ನೆ ಕೇಳಿದ. ಹಾಗಾದರೆ ಓಫೀರ್ ನಮ್ಮ ದೇಶದಲ್ಲೇ ಇತ್ತಾ? ಆಸೆಯಿಂದಲೇ ಕೇಳಿದ.

ಹಾಗೆ ಹೇಳುವವರೂ ಇದ್ದಾರೆ. ಗ್ರೀಕ್ ಬೈಬಲ್‌ನಲ್ಲಿ ಓಫೀರ್ ಸೋಫೀರ ಆಗಿದೆ. ಮುಂಬೈ ಹತ್ತಿರದ ಸೋಪಾರ, ಹಳೇ ಶೂರ್ಪಾರಕ, ದೊಡ್ಡ ಬಂದರಾಗಿತ್ತು. ನವಿಲಿಗೆ ಹೀಬ್ರೂವಿನಲ್ಲಿರುವ ಮಾತು ತುಕ್ಕಿ. ಇದನ್ನು ತಮಿಳಿನ ತೋಗೈ ಜೊತೆ ಹೋಲಿಸುತ್ತಾರೆ. ನಾವು ನವಿಲಿನ ಸೋಗೆ ಅನ್ನುತ್ತೇವಲ್ಲ, ಆ ಸೋಗೆಯೂ ಅದೇ ಬಳ್ಳಿಯ ಮಾತಿರಬಹುದು. ಸೊಲೊಮೋನನ ಅರಮನೆಯ ಪಟ್ಟಿಯಲ್ಲಿ ನಮ್ಮ ಮಾತಿನ ಸೋದರಿ ಕೂತಿರಬಹುದು ಅಂದಾಗ ನನಗೂ ಖುಷಿಯಾಗುತ್ತದೆ.

ಆದರೆ ಪೆರುವಿಗೆ ಹಿಡಿದ ತಕ್ಕಡಿಯನ್ನೇ ಇಲ್ಲೂ ಹಿಡಿಯಬೇಕು. ಓಫೀರ್ ಮತ್ತು ಸೋಪಾರದ ಹೋಲಿಕೆಯೂ ಕಿವಿಯ ಹೋಲಿಕೆಯೇ. ತುಕ್ಕಿ ಅನ್ನುವ ಮಾತು ತಾರ್ಷೀಷಿನ ಹಡಗುಗಳ ಪಟ್ಟಿಯಲ್ಲಿದೆ, ಓಫೀರಿನ ಪಟ್ಟಿಯಲ್ಲಲ್ಲ. ಅದರ ಅರ್ಥ ನವಿಲೇ ಅನ್ನುವುದನ್ನೂ ಎಲ್ಲ ವಿದ್ವಾಂಸರು ಒಪ್ಪುವುದಿಲ್ಲ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಬಂಡೆಗೆ ಬೆಂಕಿ ಹಾಕಿ ಸಿಡಿಸಿ ಚಿನ್ನ ತೆಗೆದ ಹಳೇ ಗಣಿಗಳಿವೆ. ಅಲ್ಲಿ ಸಿಕ್ಕ ಮರದ ಆಸರೆಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ ಅಂತ ಪರೀಕ್ಷೆ ಹೇಳಿತು. ಅದು ಹೆಮ್ಮೆಯ ವಿಷಯ. ಆದರೆ ಸೊಲೊಮೋನನ ಕಾಲಕ್ಕೆ ಅದು ಸಾವಿರ ವರ್ಷ ಈಚೆ. ಹಾಗಾಗಿ ಹೌದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಸೌದಿ ಅರೇಬಿಯಾದಲ್ಲಿ ಮಹದ್ ಅದ್ ದಹಬ್ ಅನ್ನುವ ಹಳೇ ಚಿನ್ನದ ಗಣಿ ಇದೆ. ಹೆಸರಿನ ಅರ್ಥವೇ ಚಿನ್ನದ ತೊಟ್ಟಿಲು. ಆದಿಕಾಂಡದ ಪಟ್ಟಿ, ಕೆಂಪು ಸಮುದ್ರದ ಬಂದರು ಎರಡನ್ನೂ ಇಟ್ಟು ನೋಡಿದರೆ ಅರೇಬಿಯಾದ ಕಡೆಗೇ, ಇಲ್ಲವೇ ಅದರ ಎದುರಿನ ಆಫ್ರಿಕದ ದಡದ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಈ ವಾದ ಕಿತ್ತುಕೊಂಡದ್ದು

ಇದನ್ನೆಲ್ಲ ಇಷ್ಟು ಉದ್ದಕ್ಕೆ ಯಾಕೆ ಬರೆದೆ ಅಂದರೆ, ಓಫೀರಿನ ಹುಡುಕಾಟ ಹೋದಲ್ಲೆಲ್ಲ ಅಲ್ಲಿನ ಜನರ ಪಾಲನ್ನು ಕಿತ್ತುಕೊಂಡಿದೆ. ಆಫ್ರಿಕದಲ್ಲಿ ನೋಡಿ. 1871ರಲ್ಲಿ ಜರ್ಮನಿಯ ಕಾರ್ಲ್ ಮೌಖ್ ಗ್ರೇಟ್ ಜಿಂಬಾಬ್ವೆಯ ಕಲ್ಲಿನ ಗೋಡೆಗಳನ್ನು ಕಂಡ. ಬಾಗಿಲ ಮೇಲಿನ ಮರದಿಂದ ಒಂದು ಚಕ್ಕೆ ಕಿತ್ತ. ತನ್ನ ಪೆನ್ಸಿಲ್ಲಿನ ಮರದ ಹಾಗೇ ಇದೆ ಅಂದ. ಹಾಗಾದರೆ ಇದು ದೇವದಾರು, ಲೆಬನಾನಿನಿಂದ ಬಂದದ್ದು, ಈ ಜಾಗ ಸೊಲೊಮೋನನನ್ನು ನೋಡಲು ಹೋಗಿದ್ದ ಶೆಬದ ರಾಣಿಯದು ಅಂದ. 1905ರಲ್ಲಿ ಡೇವಿಡ್ ರಾಂಡಲ್ ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕ್ಯಾಟನ್ ಥಾಂಪ್ಸನ್ ಅಗೆದು ನೋಡಿ, ಕಟ್ಟಿದವರು ಆಫ್ರಿಕದವರೇ ಅಂತ ತೋರಿಸಿದರು. ಆಮೇಲೂ ದಶಕಗಟ್ಟಲೆ ಅಲ್ಲಿನ ಬಿಳಿಯರ ಸರ್ಕಾರಕ್ಕೆ ಹಳೇ ಕಥೆಯೇ ಬೇಕಾಗಿತ್ತು.

ಪೆರುವಿನಲ್ಲೂ ಅದೇ ಆಯಿತು. ಚಿನ್ನ ಓಫೀರಿನದು ಅಂದ ಕೂಡಲೇ ಅದನ್ನು ಕಂಡುಹಿಡಿದವರು, ತಟ್ಟಿದವರು, ಹೊಳಪು ಕೊಟ್ಟವರು ಕಥೆಯಿಂದ ಹೊರಗೆ ಬಿದ್ದರು. ಇಂಕಾಗಳು ದೊಡ್ಡ ರಾಜ್ಯವಾಗಿ ಬೆಳೆದದ್ದು ಹದಿನೈದನೇ ಶತಮಾನದಲ್ಲಿ. ಅವರಿಗೂ ಮೊದಲು ಚಿಮೂ, ಮೋಚೆ, ಚವಿನ್ ಅಂತ ಎಷ್ಟೋ ಜನ ಚಿನ್ನದ ಕೆಲಸ ಮಾಡಿದ್ದರು.

ಅವರಿಗಿಂತಲೂ ಹಿಂದಿನವರು ಇದ್ದಾರೆ. ಪೆರುವಿನ ದಕ್ಷಿಣಕ್ಕೆ, ಟಿಟಿಕಾಕಾ ಸರೋವರದ ಸೀಮೆಯಲ್ಲಿ ಹಿಸ್ಕೈರುಮೊಕೊ ಅನ್ನುವ ಜಾಗ ಇದೆ. ಅಲ್ಲಿನ ಒಂದು ಸಮಾಧಿಯಲ್ಲಿ ತಲೆಬುರುಡೆಯ ಪಕ್ಕದಲ್ಲಿ ಒಂದು ಸರ ಸಿಕ್ಕಿತು. ಒಂಬತ್ತು ಚಿನ್ನದ ಮಣಿ, ನಡುನಡುವೆ ಬಣ್ಣದ ಕಲ್ಲಿನ ಮಣಿ. ಚಿನ್ನದ ಗಟ್ಟಿಯನ್ನು ಕರಗಿಸದೆ ಕಲ್ಲಿನಿಂದ ತಟ್ಟಿ ತಟ್ಟಿ ತೆಳ್ಳಗೆ ಮಾಡಿದ್ದಾರೆ. ಆಮೇಲೆ ಕೊಳವೆಯ ಹಾಗೆ ಸುತ್ತಿದ್ದಾರೆ. ವಯಸ್ಸು ಸುಮಾರು ನಾಲ್ಕು ಸಾವಿರ ವರ್ಷ. ಎಚ್ಯೋನ್ ಗೆಬೆರಿನಲ್ಲಿ ಮೊದಲ ಹಡಗಿಗೆ ಮರ ಕಡಿಯುವುದಕ್ಕೂ ಸಾವಿರ ವರ್ಷ ಮೊದಲು, ಅರಸ ಇಲ್ಲದ, ಅರಮನೆ ಇಲ್ಲದ ಒಂದು ಸಣ್ಣ ಹಳ್ಳಿಯಲ್ಲಿ ಯಾರೋ ಕೂತು ಮಾಡಿದ ಸರ ಅದು. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದೆ. ಅಕ್ಕನ ಮಗ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದ. ಮಣಿಗಳ ಮೇಲೆ ತಟ್ಟಿದ ಗುರುತು ಕಾಣುತ್ತದಾ ಅಂತ ಹುಡುಕುತ್ತಿದ್ದ.